ಆಲಿಸುವ ಪಾಠಕ್ಕೆ ಶಿರೀಷಾಳ ದನಿ

ಕಲ್ಯಾಣದುರ್ಗದ ಕನ್ನಡ ಶಾಲೆಯ ಮೇಷ್ಟ್ರು ಚೆನ್ನಕೇಶವನ ದನಿ ತಗಡಿನ ಮೇಲೆ ಮೊಳೆ ಎಳೆದಂತಿತ್ತು. ಹಾಗಾಗಿ ಆಲಿಸುವ ಪಾಠದ ಕತೆಗಳನ್ನು ಹಿಂದೂಪುರದಲ್ಲಿದ್ದ ಹೆಂಡತಿ ಶಿರೀಷಾ ಓದಿ, ಮೊಬೈಲಿಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಅದನ್ನು ಇವನು ಸ್ಪೀಕರಿನಲ್ಲಿ ಕೇಳಿಸಬೇಕು. ಮಕ್ಕಳು ಕಣ್ಮುಚ್ಚಿ ಆಲಿಸಿ, ಮುಗಿದ ಕೂಡಲೇ ಕೇಳಿದ್ದನ್ನು ಒಪ್ಪಿಸಬೇಕು. ತರಗತಿಯ ಕಟ್ಟಳೆ ಅದು.

ಅಂದು ಪಾಠ ನೋಡಲು ಶಿಕ್ಷಣ ಇಲಾಖೆಯ ಜಯರಾಮಪ್ಪ ಸಾಹೇಬರು ಬಂದು ಕೂತಿದ್ದರು. ಚೆನ್ನಕೇಶವನಿಗೆ ಹಿಂದೂಪುರಕ್ಕೆ ವರ್ಗವಾಗಬೇಕಾದರೆ ಅವರು ಮನಸ್ಸು ಮಾಡಬೇಕಿತ್ತು.

"ಸೌಂಡು ಸಾಲ್ದು ಸಾರ್, ಹಿಂದಿನ ಬೆಂಚಿಗೂ ಕೇಳ್ಬೇಕು," ಎಂದು ಹೆಡ್‌ಮೇಡಂ ಶೋಭಾರಾಣಿ ಸ್ಪೀಕರನ್ನು ತಾವೇ ಎತ್ತಿಕೊಂಡು ಸದ್ದು ಏರಿಸಿದರು.

ಶಿರೀಷಾ ಬೆಳಿಗ್ಗೆ ಎರಡು ಮೆಸೇಜು ಕಳಿಸಿದ್ದಳು. ಒಂದರಲ್ಲಿ ಮೊಲದ ಕತೆಯಿತ್ತು. ಗಡಿಬಿಡಿಯಲ್ಲಿ ಚೆನ್ನಕೇಶವ ಇನ್ನೊಂದನ್ನು ಒತ್ತಿದ.

"ಏನೂಂದ್ರೆ, ಪಾಠ ಹೆಂಗಾನ ಇರ್ಲಿ, ಆ ಜಯರಾಮಪ್ಪನ್ನ ಬಾಯ್ತುಂಬಾ ಹೊಗಳ್ಬುಡಿ. ಹೊಗಳಿದ್ರೆ ಆಯಪ್ಪ ಬೆಣ್ಣೆ ಕರಗ್ದಂಗೆ ಕರಗೋಯ್ತಾನೆ ಅಂತ ನೀವೇ ಅಂದಿದ್ರಲ್ಲ. ಬೇಗ ಟ್ರಾನ್ಸ್‌ಫರ್ ಮಾಡಿಸ್ಕೊಂಡು ಬನ್ನಿ. ನೀವಿಲ್ದೆ ಮನೆ ಭಣಭಣ ಅಂತದೆ."

ನಿಲ್ಲಿಸಲು ಎಷ್ಟು ಒತ್ತಿದರೂ ಬೆವರಿದ ಬೆರಳಿಗೆ ಮೊಬೈಲು ಜಗ್ಗಲೇ ಇಲ್ಲ. ಸ್ಪೀಕರ್ ಕಿತ್ತುಕೊಳ್ಳಲು ಹೋದರೆ ಶೋಭಾರಾಣಿ, "ತಾಳಿ ಸಾರ್, ಮುಗೀಲಿ," ಎಂದು ಹಿಂದೆ ಸರಿದರು.

ಮುಗಿಯಿತು. ಮಕ್ಕಳು ಕಣ್ಣು ಬಿಟ್ಟು ಕೈಯೆತ್ತಿದರು. ಯಾರೂ ಕೇಳದೆಯೇ ಮುಂದಿನ ಬೆಂಚಿನ ಶ್ರೀಲತಾ ಎದ್ದಳು.

"ಹೊಗಳಿದ್ರೆ ಕರಗೋದು ಜಯರಾಮಪ್ಪ ಸಾರ್."

"ಅಂಗಂದಿದ್ದು ನೀವೇ ಸಾರ್," ಎಂದಿತು ಹಿಂದಿನ ಬೆಂಚು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಚೆನ್ನಕೇಶವನಿಗೆ. ಸಾಹೇಬರನ್ನು ಆಡಿಕೊಂಡದ್ದು ಬಯಲಾದದ್ದಕ್ಕಿಂತ, ಹೆಂಡತಿಯ ಒಂಟಿತನ ಹೀಗೆ ತರಗತಿಯ ಬಾಯಿಗೆ ಬಿದ್ದದ್ದಕ್ಕೆ ಅವನಿಗೆ ಹೆಚ್ಚು ನಾಚಿಕೆಯಾಯಿತು.

ಜಯರಾಮಪ್ಪ ಮೇಜು ತಟ್ಟಿ ಎದ್ದರು. "ಮೊಲ, ಆಮೆ ಕೇಳಿ ಕೇಳಿ ಸಾಕಾಗಿತ್ತು ಕಣ್ರೀ. ಪಾಠ ಅಂದ್ರೆ ಇದು. ಅಚ್ಚ ಮನೆಮಾತು. ನನ್ನ ಹೆಸ್ರನ್ನೇ ಇಟ್ಟು ನಾಟಕ ಕಟ್ಟಿದ್ದೀರಿ, ಮಕ್ಳು ಒಂದು ಮಾತೂ ಬಿಟ್ಟಿಲ್ಲ."

ಅದು ಪಾಠವಲ್ಲ ಎನ್ನಲು ಚೆನ್ನಕೇಶವ ಬಾಯಿ ತೆರೆದ. ಹಾಗಾದರೆ ಮತ್ತೇನು ಎಂದು ಕೇಳಿದರೆ? ಮೊಬೈಲನ್ನು ಜೇಬಿಗಿಳಿಸಿದ.

"ನಿಮ್ಮಂಥೋರ್ನ ಹಿಂದೂಪುರಕ್ಕೆ ಬಿಟ್ಕೊಡೋ ಮಾತೇ ಇಲ್ಲ," ಎಂದರು ಸಾಹೇಬರು. "ಈ ಕಡೆ ಸ್ಕೂಲ್ಗೆಲ್ಲಾ ನೀವೇ ಹೋಗಿ ಈ ಪಾಠ ತೋರಿಸ್ಬೇಕು."

ಸಂಜೆ ಶಿರೀಷಾ ಫೋನ್ ಮಾಡಿದಳು. "ಹೊಗಳಿದ್ರಾ?"

"ನಾನು ಬಾಯಿ ಬಿಡೋಕ್ ಮುಂಚೆ ಅವರೇ ನನ್ನ ಹೊಗಳ್ಬುಟ್ರು ಕಣೆ."

"ಅಂಗಾದ್ರೆ ಯಾವಾಗ ಬತ್ತೀರಾ?"

"ಬರಾಕಾಗಲ್ಲ. ಇನ್ಮೇಲೆ ಮೊಲದ ಕತೆ ಬ್ಯಾಡ್ವಂತೆ. ನಾನಿಲ್ದೆ ಮನೆ ಹೆಂಗದೆ ಅಂತ ದಿನಾ ಒಂದು ಮೆಸೇಜ್ ಕಳ್ಸು, ಊರೂರಿಗೂ ಕೇಳಿಸ್ಬೇಕಂತೆ."