ಒಂಬತ್ತನೆಯ ವಿಷಯ ಮತ್ತು ಸವಳಂಗದ ಬಸ್ಸು

ನ್ಯಾಮತಿ ತಾಲ್ಲೂಕಿನ ಸಾರ್ವಜನಿಕ ಜೀವನದಲ್ಲಿ ಯುವಜನರ ಅಭಿಪ್ರಾಯಕ್ಕೆ ಒಂಬತ್ತನೆಯ ಸ್ಥಾನವಿದೆ. ಇದು ಯಾರನ್ನೂ ನೋಯಿಸಲು ಹೇಳಿದ ಮಾತಲ್ಲ. ತಾಲ್ಲೂಕು ಯುವಜನ ಅಭಿಪ್ರಾಯ ಸ್ವೀಕಾರ ಸಮಿತಿಯ ಆಹ್ವಾನ ಪತ್ರಿಕೆಯಲ್ಲಿ ಬಣ್ಣದ ಅಕ್ಷರಗಳಲ್ಲಿ ಅಚ್ಚಾಗಿರುವ ಸಂಗತಿ. ಪ್ರಾರ್ಥನೆ, ಸ್ವಾಗತ, ಜ್ಯೋತಿ ಬೆಳಗುವುದು, ಪ್ರಾಸ್ತಾವಿಕ ನುಡಿ, ಸನ್ಮಾನ, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷರ ಮಾತು, ಲಘು ಉಪಾಹಾರ, ಇವೆಲ್ಲ ಸಾಂಗವಾಗಿ ನೆರವೇರಿದ ಮೇಲೆ ‘ಯುವಜನರ ಅಭಿಪ್ರಾಯ, ಸಮಯವಿದ್ದಲ್ಲಿ’ ಎಂದು ಬರುತ್ತದೆ. ಅದಕ್ಕೂ ಕೆಳಗೆ ವಂದನಾರ್ಪಣೆ ಇದೆ. ಆದ್ದರಿಂದ ಯುವಜನರನ್ನು ಕಟ್ಟಕಡೆಗೆ ತಳ್ಳಿದ್ದಾರೆಂದು ದೂರುವವರ ಮಾತಿನಲ್ಲಿ ಹುರುಳಿಲ್ಲ.

ಸಭೆಯ ಸಮಯ ಮಧ್ಯಾಹ್ನ ಎರಡು ಗಂಟೆ. ಮುಖ್ಯ ಅತಿಥಿಗಳು ಬರುವುದು ಮೂರೂವರೆಯ ಆಚೆಗೆ. ಇದನ್ನು ತಡ ಎಂದು ಯಾರೂ ಕರೆಯುವುದಿಲ್ಲ. ಒಮ್ಮೆ ಹೇಳಿದ ಹೊತ್ತಿಗೇ ಬಂದುಬಿಟ್ಟ ಅತಿಥಿಯೊಬ್ಬರನ್ನು ಶಾಮಿಯಾನದವರೆಂದು ತಿಳಿದು ಕುರ್ಚಿ ಹಾಕಲು ಹೇಳಿದ್ದುಂಟು. ಅವರು ಪಾಪ ಹಾಕಿಯೂ ಹಾಕಿದರು.

ಸವಳಂಗದ ಸುಧಾಳಿಗೆ ಈ ಸಮಿತಿಯ ಹತ್ತಿರ ಒಂದೇ ಒಂದು ವಾಕ್ಯದ ಕೆಲಸವಿತ್ತು. ನ್ಯಾಮತಿಯ ಕಾಲೇಜಿನಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದ ಹುಡುಗಿ. ಕೊನೆಯ ಪಿರಿಯಡ್ ಮುಗಿಯುವುದು ನಾಲ್ಕೂವರೆಗೆ. ಸವಳಂಗದ ಬಸ್ಸು ಹೊರಡುವುದು ನಾಲ್ಕೂಕಾಲಿಗೆ. ಅದು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಹೀಗಾಗಿ ಕೊನೆಯ ಪಿರಿಯಡ್ಡಿನಲ್ಲಿ ಮೇಷ್ಟ್ರು ಏನು ಕಲಿಸುತ್ತಾರೆ ಎಂಬುದು ಅವಳಿಗೆ ಅಂದಿನವರೆಗೂ ಗೊತ್ತಿರಲಿಲ್ಲ. ಹಾಜರಾತಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಕಾಲೇಜು ಹೇಳಿತ್ತು. ಕತ್ತಲಾದ ಮೇಲೆ ಬಂದರೆ ಕಾಲೇಜನ್ನೇ ಬಿಡಿಸುತ್ತೇನೆಂದು ತಾಯಿ ದುರುಗಕ್ಕ ಹೇಳಿದ್ದಳು. ಎರಡೂ ಕಡೆಯವರು ಹೇಳಿದ ಹಾಗೆ ಮಾಡುವ ಪೈಕಿಯೇ.

“ಬಸ್ಸನ್ನು ನಾಲ್ಕೂಮುಕ್ಕಾಲಿಗೆ ಬಿಡಿ ಅಂತ ಒಂದು ಮಾತು ಹೇಳ್ಬೇಕು ಸರ್,” ಎಂದು ಅವಳು ಸಮಿತಿಯ ಕಾರ್ಯದರ್ಶಿ ಗುರುಬಸವರಾಜ್ ಅವರನ್ನು ಕೇಳಿಕೊಂಡಳು.

“ಹೇಳಮ್ಮ! ನೀವು ಹೇಳ್ಲಿ ಅಂತನೇ ಅಲ್ವಾ ಸಮಿತಿ ಇರೋದು? ಒಂಬತ್ತನೇದು ನಿಂದೇ.”

ಅವಳು ಎರಡಕ್ಕೇ ಹೋಗಿ ಕೂತಳು. ಅತಿಥಿಗಳು ಬಂದರು, ಜ್ಯೋತಿ ಗಾಳಿಗೆ ಆರಿ ಮತ್ತೆ ಹತ್ತಿತು. ಸನ್ಮಾನಿತರ ತಲೆಗೆ ಪೇಟ ಸಣ್ಣದಾಗಿ ಅದನ್ನು ಕೂರಿಸುವುದಕ್ಕೇ ಕಾಲು ಗಂಟೆ ಹಿಡಿಯಿತು. ಅತಿಥಿಗಳು ಎದ್ದು ನಿಂತು “ಇಂದಿನ ಯುವಕರು ಮಾತಾಡಲು ಹಿಂಜರಿಯಬಾರದು” ಎನ್ನುತ್ತಿರುವಾಗ ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಹಿಂದಿನ ಸಾಲಿನಲ್ಲಿದ್ದ ಸುಧಾ ಮತ್ತು ಉಳಿದ ಹುಡುಗ ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ನಡಾವಳಿಯಲ್ಲಿ ಹೀಗೆ ಬರೆಯಲಾಯಿತು: ‘ಒಂಬತ್ತನೆಯ ವಿಷಯವನ್ನು ಕೈಗೆತ್ತಿಕೊಂಡಾಗ ಯುವಜನರು ಯಾರೂ ಹಾಜರಿರಲಿಲ್ಲವಾಗಿ, ತಾಲ್ಲೂಕಿನ ಯುವಜನರಿಗೆ ಯಾವುದೇ ಅಹವಾಲು ಇಲ್ಲವೆಂದು ಸಂತೋಷದಿಂದ ದಾಖಲಿಸಲಾಯಿತು.’

“ಒಂಬತ್ತನೇದನ್ನ ಮೊದಲು ತಗೊಳ್ಳಾಕೆ ಆಗಲ್ವಾ ಸರ್? ಎರಡು ಗಂಟೆಗೆ?” ಎಂದು ಸುಧಾ ಮರುದಿನ ಕಾರ್ಯದರ್ಶಿಗಳನ್ನು ಕೇಳಿದಳು.

ಗುರುಬಸವರಾಜ್ ಒಳ್ಳೆಯ ಮನುಷ್ಯ. ಅವರಿಗೆ ಸಿಟ್ಟು ಬರಲಿಲ್ಲ, ಅಯ್ಯೋ ಎನ್ನಿಸಿತು ಅಷ್ಟೆ. “ಅತಿಥಿಗಳೇ ಇಲ್ದೆ ಹೆಂಗಮ್ಮ ಶುರು ಮಾಡಾಕಾಗುತ್ತೆ?” ಎಂದರು.

ಮುಂದಿನ ಸಭೆಗೆ ಸುಧಾ ಗಟ್ಟಿ ಮನಸ್ಸು ಮಾಡಿ ಹೋದಳು. ಹಾರ್ನ್ ಕೇಳಿತು, ಏಳಲಿಲ್ಲ. ಅವಲಕ್ಕಿ, ಕೇಸರಿಬಾತು ಮುಗಿದು ಒಂಬತ್ತನೆಯ ವಿಷಯ ಬಂದಾಗ ಎದ್ದು ನಿಂತು ತನ್ನ ವಾಕ್ಯವನ್ನು ತಪ್ಪಿಲ್ಲದೆ ಹೇಳಿದಳು. ಸಭೆ ಚಪ್ಪಾಳೆ ತಟ್ಟಿತು. ಸಮಿತಿಯ ಅಧ್ಯಕ್ಷರು, ಆ ಬಸ್ಸಿನ ಮಾಲೀಕರೂ ಅವರೇ, ಪ್ರೀತಿಯಿಂದ ಕೇಳಿದರು:

“ಈಗ ಟೈಮೆಷ್ಟಮ್ಮ?”

“ಐದೂಕಾಲು ಸರ್.”

“ಬಸ್ಸು?”

“ಹೋಯ್ತು ಸರ್.”

“ನೀನು ಇಲ್ಲೇ ಇದ್ದೀಯಲ್ಲ! ಅಂದ್ರೆ ಬಸ್ಸಿಲ್ದೇನೂ ನಡೀತೈತೆ ಅಂತಾಯ್ತು.”

ಈ ತರ್ಕಕ್ಕೆ ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು. ಬಸ್ಸಿನ ಪರ್ಮಿಟ್ಟಿನಲ್ಲಿ ನಾಲ್ಕೂಕಾಲು ಎಂದಿರುವುದರಿಂದ ಅದನ್ನು ಬದಲಿಸುವುದು ಬ್ರಹ್ಮನಿಂದಲೂ ಸಾಧ್ಯವಿಲ್ಲವೆಂದು ಅವರು ಸೇರಿಸಿದರು.

ಅಂದು ಸುಧಾ ಮನೆ ಮುಟ್ಟಿದಾಗ ಊರಿನ ದೀಪಗಳೆಲ್ಲ ಹತ್ತಿದ್ದವು. ದುರುಗಕ್ಕ ಬಾಗಿಲಲ್ಲೇ ನಿಂತಿದ್ದಳು. “ಎಲ್ಲಿಗೋಗಿದ್ದೆ?”

“ಸಭೆಗೆ ಕಣವ್ವಾ. ನಮ್ ಅಭಿಪ್ರಾಯ ಕೇಳಾಕೆ ಕರೆದಿದ್ರು.”

“ಕೇಳಿದ್ರಾ?”

“ಚಪ್ಪಾಳೆ ಹೊಡೆದ್ರು.”

“ಇನ್ನೊಂದ್ ಸತಿ ಹಿಂಗೆ ಕತ್ತಲಲ್ಲಿ ಬಂದ್ರೆ ನಾನೂ ಹೊಡೀತೀನಿ, ಚಪ್ಪಾಳೆ ಅಲ್ಲ. ಕಾಲೇಜೂ ಸಾಕು, ಅಭಿಪ್ರಾಯನೂ ಸಾಕು,” ಎಂದು ದುರುಗಕ್ಕ ತಟ್ಟೆ ಹಾಕಿದಳು. ಸುಧಾ ಅಳುತ್ತಲೇ ಉಂಡಳು. ಓದು ನಿಂತುಹೋದರೆ ಮುಂದೇನು ಎಂದು ನೆನೆದರೆ ಅವಳಿಗೆ ನಿಜಕ್ಕೂ ಭಯವಾಗುತ್ತಿತ್ತು.

ಅಷ್ಟರಲ್ಲಿ ಜಿಲ್ಲೆಯಿಂದ ಒಂದು ಸುತ್ತೋಲೆ ಬಂತು. ಸಮಿತಿ ಕಳಿಸಿದ ಫೋಟೋಗಳಲ್ಲಿ ಯುವಜನರು ಕಾಣುತ್ತಿಲ್ಲ. ಇನ್ನು ಮುಂದೆ ಫೋಟೋದಲ್ಲಿ ಅರ್ಧದಷ್ಟಾದರೂ ಯುವಜನರು ಇರತಕ್ಕದ್ದು. ತಲೆಗೆ ಬಣ್ಣ ಹಚ್ಚಿದವರನ್ನು ಈ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಕೊನೆಯ ಮಾತಿನಿಂದ ಸಮಿತಿಯ ಅರ್ಧ ಬಲ ಉಡುಗಿಹೋಯಿತು. ತುರ್ತು ಸಭೆ ಸೇರಿ ಹೀಗೆ ನಿರ್ಣಯಿಸಿದರು: ‘ಯುವಜನರು ಸಭೆಯಲ್ಲಿ ನಿಲ್ಲದಿರುವುದರಿಂದ ಸಭೆಯೇ ಯುವಜನರಿರುವಲ್ಲಿಗೆ ಹೋಗತಕ್ಕದ್ದು. ಯುವಜನರು ಹೇರಳವಾಗಿ ಕಂಡುಬರುವುದು ಸವಳಂಗದ ಬಸ್ಸಿನಲ್ಲಿ. ಆದಕಾರಣ ಸದರಿ ಬಸ್ಸನ್ನು ಸಭಾಂಗಣವೆಂದು ಪರಿಗಣಿಸತಕ್ಕದ್ದು. ಸಭಾಂಗಣದ ಎಲ್ಲ ಶಿಷ್ಟಾಚಾರಗಳೂ ಸದರಿ ಬಸ್ಸಿಗೆ ಅನ್ವಯವಾಗತಕ್ಕದ್ದು.’

ಬಸ್ಸಿಗೆ ಬ್ಯಾನರ್ ಕಟ್ಟಿದರು. ಮುಂದಿನ ಸೀಟುಗಳಲ್ಲಿ ಸಮಿತಿ ಕೂತಿತು. ನಾಲ್ಕೂಕಾಲಾಯಿತು. ಕಂಡಕ್ಟರ್ ಪರಶುರಾಮ್ ಸೀಟಿ ಊದಲು ಬಾಯಿಗಿಟ್ಟುಕೊಂಡಾಗ ಗುರುಬಸವರಾಜ್ ಹೌಹಾರಿ ಅವನ ಕೈ ಹಿಡಿದರು.

“ಏನ್ ಮಾಡ್ತೀಯಪ್ಪಾ? ಮುಖ್ಯ ಅತಿಥಿಗಳು ಇನ್ನೂ ಬಂದಿಲ್ಲ!”

“ಟೈಮಾತು ಸರ್. ಪರ್ಮಿಟ್ಟು...”

“ಹೊರಡೋ ಟೈಮು ನಾಲ್ಕೂಕಾಲೇ. ಅದನ್ನ ಯಾರು ಬದ್ಲಾಯಿಸ್ತಾರೆ? ಹೊರಡೋದು ಮಾತ್ರ ಅತಿಥಿಗಳು ಬಂದ ಮೇಲೆ.”

ಮಾಲೀಕರು ಮುಂದಿನ ಸೀಟಿನಲ್ಲೇ ಕೂತು ತಲೆಯಾಡಿಸಿದರು. ಪರಶುರಾಮ್ ಸೀಟಿಯನ್ನು ಜೇಬಿಗೆ ಹಾಕಿಕೊಂಡ.

ಆ ದಿನ ಸುಧಾ, ಹೇಗೂ ಕಾಲೇಜು ಬಿಡಿಸುತ್ತಾರೆ, ಕೊನೆಯ ಪಿರಿಯಡ್ ಹೇಗಿರುತ್ತದೆಂದು ಒಮ್ಮೆಯಾದರೂ ನೋಡಿಬಿಡೋಣ ಎಂದು ಕ್ಲಾಸಿನಲ್ಲಿ ಕೂತಿದ್ದಳು. ಮುಗಿಸಿ ಹೊರಗೆ ಬಂದರೆ ಬಸ್ಸು ನಿಂತೇ ಇದೆ. ಅತಿಥಿಗಳು ಅವಳ ಹಿಂದೆಯೇ ಬಂದು ಹತ್ತಿದರು. ಕಿಟಕಿ ಪಕ್ಕ ಸೀಟು ಹಿಡಿದು, ಬೆಳಕಿರುವಾಗಲೇ ಮನೆ ಸೇರುತ್ತ ಸುಧಾ ಸಾರ್ವಜನಿಕ ಆಡಳಿತವನ್ನು ಮೊದಲ ಬಾರಿಗೆ ಅರ್ಥ ಮಾಡಿಕೊಂಡಳು.

ಮರುದಿನವೇ ಗುರುಬಸವರಾಜ್ ಬಳಿ ಹೋದಳು. “ಸರ್, ಈ ಸಭೆ ದಿನಾ ನಡೆದ್ರೆ? ಜಿಲ್ಲೆಗೇ ನಾವು ಫಸ್ಟ್ ಆಗ್ತೀವಿ.”

ಅವರ ಕಣ್ಣು ಅರಳಿದವು; ಮರುಕ್ಷಣ ಬಾಡಿದವು. “ದಿನಾ ಅಂದ್ರೆ ಅಷ್ಟು ಗಣ್ಯರನ್ನ ಎಲ್ಲಿಂದ ತರೋಣಮ್ಮ?”

“ಒಬ್ರನ್ನೇ ದಿನಾ ಕರೆದ್ರೆ ಆಗಲ್ವಾ?”

ನಿಯಮಾವಳಿಯನ್ನು ತಿರುವಿ ನೋಡಿದರು. ಒಬ್ಬರನ್ನೇ ದಿನಾ ಕರೆಯಬಾರದೆಂದು ಎಲ್ಲಿಯೂ ಇರಲಿಲ್ಲ. ಹುಡುಕಾಡಿ ಬೆನಕಪ್ಪನವರನ್ನು ಆರಿಸಿದರು. ಬೆನಕಪ್ಪನವರು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಜೀವಮಾನದಲ್ಲಿ ನೂರಾರು ಸಮಾರಂಭಗಳಿಗೆ ಹೋಗಿ ಕೆಳಗೆ ಕೂತು ಬಂದವರು. ವೇದಿಕೆಗೆ ಬನ್ನಿ ಎಂದು ಯಾರೂ ಕರೆದಿರಲಿಲ್ಲ. ಸುದ್ದಿ ಕೇಳಿ ಅವರ ಕಣ್ಣಲ್ಲಿ ನೀರು ಬಂತು. ಮೊದಲ ದಿನ ಹೊಸ ಪಂಚೆ ಉಟ್ಟು ನಾಲ್ಕಕ್ಕೇ ಬಂದು ಬಸ್ಸಿನಲ್ಲಿ ಕೂತುಬಿಟ್ಟರು. ಅತಿಥಿಗಳು ಬಂದಾಗಿದೆಯೆಂದು ಬಸ್ಸು ನಾಲ್ಕೂಕಾಲಿಗೆ ಸರಿಯಾಗಿ ಹೊರಟಿತು. ಅಂದು ಸುಧಾ ಅವರಿವರ ಬೈಕು ಬೇಡಿ ಊರು ಸೇರಿಕೊಂಡಳು.

“ಅಜ್ಜಾ, ಹಿಂಗೆ ಹೊತ್ತಿಗೆ ಸರಿಯಾಗಿ ಬಂದ್ರೆ ನಮ್ ಗತಿಯೇನು? ನೀವೀಗ ಮುಖ್ಯ ಅತಿಥಿ. ತಡ ಮಾಡ್ಬೇಕು.”

“ಅದೊಂದು ನಂಗೆ ಬರಲ್ಲವ್ವಾ. ಮಂಡಿ ಬಾಗಿಲು ತೆಗೆಯಾಕೆ ಮುಂಚೆ ನಿಂತಿರ್ತಿದ್ದೆ.”

“ಕಲೀಬೇಕು ಅಜ್ಜಾ. ಇಷ್ಟು ವಯಸ್ಸಾಗೈತೆ.”

ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಅವರನ್ನು ಕೂರಿಸಿ, ಕಾಲೇಜಿನ ಮಕ್ಕಳೆಲ್ಲ ಹತ್ತಿದ ಮೇಲೆ ಏಳಬೇಕೆಂದು ಅಭ್ಯಾಸ ಮಾಡಿಸಿದಳು. ಮೊದಮೊದಲು ಬೆನಕಪ್ಪನವರು ಕೂತಲ್ಲೇ ಚಡಪಡಿಸುತ್ತಿದ್ದರು. ತಿಂಗಳು ಕಳೆಯುವುದರಲ್ಲಿ, ಮಕ್ಕಳು ಹತ್ತಿದ ಮೇಲೂ ಒಂದು ಎಲೆಅಡಿಕೆ ಹಾಕಿಕೊಂಡೇ ಏಳುವಷ್ಟು ಗಣ್ಯರಾದರು.

ಹೀಗೆ ವ್ಯವಸ್ಥೆ ನೆಲೆ ನಿಂತಿತು. ದಿನವೂ ಅದೇ ಹಾರ, ಅದೇ ಶಾಲು, ಅದೇ ಪೇಟ. ಬಸ್ಸು ಹೊರಟ ಮೇಲೆ ಪರಶುರಾಮ್ ಟಿಕೆಟ್ ಕೊಡುತ್ತಲೇ ಸ್ವಾಗತ ಭಾಷಣ ಮಾಡುತ್ತಿದ್ದ. ಒಂಬತ್ತನೆಯ ವಿಷಯ ಬರುವಷ್ಟರಲ್ಲಿ ಸವಳಂಗ ಬರುತ್ತಿತ್ತು, ಯುವಜನರು ಇಳಿದುಹೋಗುತ್ತಿದ್ದರು, ಅಹವಾಲು ಇಲ್ಲವೆಂದು ದಾಖಲಾಗುತ್ತಿತ್ತು. ಸುಧಾಳ ಹಾಜರಾತಿ ಭರ್ತಿಯಾಯಿತು. ದುರುಗಕ್ಕ ಒಮ್ಮೆ ಕಾಯಿಪಲ್ಲೆ ಚೀಲದೊಂದಿಗೆ ಅದೇ ಬಸ್ಸು ಹತ್ತಿ, “ಇದೇನೇ, ದಿನಾ ಈ ಯಜಮಾನ್ರಿಗೇ ಹಾರ ಹಾಕ್ತಾರಂತಲ್ಲ, ಅಂಥಾದ್ದೇನು ಮಾಡ್ಯಾರೆ?” ಎಂದು ಕೇಳಿದಳು. “ತಡವಾಗಿ ಬರ್ತಾರವ್ವಾ,” ಎಂದಳು ಸುಧಾ. ದುರುಗಕ್ಕ ಭಕ್ತಿಯಿಂದ ಕೈ ಮುಗಿದಳು.

ಈ ಮಾದರಿಯನ್ನು ನೋಡಿಕೊಂಡು ಹೋಗಲು ಚನ್ನಗಿರಿ, ಜಗಳೂರುಗಳಿಂದ ತಂಡಗಳು ಬಂದವು. ಹೊನ್ನಾಳಿಯವರು ತಮ್ಮಲ್ಲಿ ಅನುಭವಿ ಅತಿಥಿಗಳ ಅಭಾವವಿದೆಯೆಂದು ಬೆನಕಪ್ಪನವರನ್ನೇ ಕರೆದುಕೊಂಡು ಹೋದರು. ಅಷ್ಟು ಹೊತ್ತಿಗೆ ಸುಧಾ ಡಿಗ್ರಿ ಮುಗಿಸಿ ನ್ಯಾಮತಿಯ ಕಂಪ್ಯೂಟರ್ ಸೆಂಟರ್ ಒಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಯುವಜನರಿಗೆ ಸ್ಥಾನ ಕೊಡಬೇಕೆಂಬ ಸದುದ್ದೇಶದಿಂದ ಸಮಿತಿ ಅವಳನ್ನೇ ಮುಖ್ಯ ಅತಿಥಿಯಾಗಿ ನೇಮಿಸಿತು. ಚಹಾದಂಗಡಿಯ ಕುರ್ಚಿ, ಶಾಲು, ಪೇಟ ಎಲ್ಲ ಅವಳ ಪಾಲಿಗೆ ಬಂದವು. ತಡ ಮಾಡುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಒಂದು ಸಂಜೆ ಟೈರು ಪಂಕ್ಚರ್ ಆಗಿ ಬಸ್ಸು ದಾರಿಯಲ್ಲೇ ನಿಂತಿತು. ಸವಳಂಗ ಇನ್ನೂ ದೂರವಿದ್ದುದರಿಂದ ಇತಿಹಾಸದಲ್ಲಿ ಮೊದಲ ಬಾರಿಗೆ ಬಸ್ಸಿನೊಳಗೆ ಒಂಬತ್ತನೆಯ ವಿಷಯ ಬಂತು. ಮೊದಲ ವರ್ಷದ ಅನಿತಾ ಎಂಬ ಹುಡುಗಿ ಹಿಂದಿನ ಸೀಟಿನಿಂದ ಎದ್ದು ನಿಂತಳು. ಅವಳ ಹತ್ತಿರವೂ ಒಂದೇ ವಾಕ್ಯವಿತ್ತು.

“ಅಕ್ಕಾ, ಈ ಹಾರ, ಭಾಷಣ ಏನೂ ಬ್ಯಾಡ, ಬಸ್ಸು ಸುಮ್ನೆ ದಿನಾ ನಾಲ್ಕೂಮುಕ್ಕಾಲಿಗೆ ಹೊರಟ್ರೆ ಸಾಕಲ್ವಾ?”

ಗುರುಬಸವರಾಜ್ ಬರೆಯುವುದನ್ನು ನಿಲ್ಲಿಸಿದರು. ಸುಧಾ ಜಾರುತ್ತಿದ್ದ ಪೇಟವನ್ನು ಸರಿಮಾಡಿಕೊಂಡಳು. ಅವಳಿಗೆ ಸಿಟ್ಟು ಬರಲಿಲ್ಲ. ಈ ಹುಡುಗಿಗೆ ಇನ್ನೂ ಏನೂ ತಿಳಿಯದಲ್ಲ ಎಂದು ಅಯ್ಯೋ ಎನ್ನಿಸಿತು ಅಷ್ಟೆ.

“ಅತಿಥಿಗಳೇ ಇಲ್ದೆ ಹೆಂಗಮ್ಮ ಬಸ್ಸು ಬಿಡಾಕಾಗುತ್ತೆ?” ಎಂದಳು.

ಎಲ್ಲರೂ ಚಪ್ಪಾಳೆ ತಟ್ಟಿದರು. ಕೂತುಕೊಳ್ಳುತ್ತ ಅನಿತಾಳೂ ತಟ್ಟಿದಳು.