ಗಡಿಯಾರ ರಿಪೇರಿಯವರ ಹೌದು

ಪಾರ್ಶ್ವವಾಯು ಹೊಡೆದ ಮೇಲೆ ಗಡಿಯಾರ ರಿಪೇರಿಯವರ ಬಾಯಲ್ಲಿ ಉಳಿದದ್ದು ಒಂದೇ ಮಾತು: ಹೌದು. ನೀರು ಬೇಕಾದರೂ ಹೌದು, ಬೇಡವಾದರೂ ಹೌದು. ‘ಇಲ್ಲ’ ಎಂದು ಒಳಗಿಂದ ಹೊರಟ ಮಾತು ನಾಲಿಗೆಯ ತುದಿಗೆ ಬರುವಷ್ಟರಲ್ಲಿ ವೇಷ ಬದಲಿಸಿರುತ್ತಿತ್ತು. ತಲೆಯೂ ನಾಲಿಗೆಯ ಪಕ್ಷ ವಹಿಸಿ ಮೇಲೆ ಕೆಳಗೆ ಆಡುತ್ತಿತ್ತು. ಬಲಗೈ ಈಗೀಗ ಚಿಮಟ ಹಿಡಿಯುವಷ್ಟು ಚೇತರಿಸಿಕೊಂಡಿದ್ದರೂ ಅಕ್ಷರ ಮಾತ್ರ ಒಂದೂ ಮೂಡುತ್ತಿರಲಿಲ್ಲ.

ಅವರಿಗೆ ಬುದ್ಧಿಯೇ ಹೋಯಿತೆಂದು ಮನೆಮಂದಿ ತೀರ್ಮಾನಿಸಿದ್ದರು. ಹೆಂಡತಿ ಚಮಚ ಹಿಡಿದು, "ಆ... ಬಾಯಿ ತೆಗೀರಿ, ಜಾಣ" ಎಂದಾಗಲೆಲ್ಲ ಅವರಿಗೆ ಅಳು ಬರುತ್ತಿತ್ತು. ಮತ್ತೆ ಅಂಗಡಿಯ ಮೇಜಿನ ಮುಂದೆ ಕೂತು ಒಂದು ಗಡಿಯಾರ ಬಿಚ್ಚಬೇಕು, ಅದೊಂದೇ ಅವರ ಆಸೆ. ಆದರೆ ಹೆಂಡತಿಯ ತಮ್ಮನಿಗೆ ಆ ಅಂಗಡಿಯ ಮೇಲೆ ಕಣ್ಣು. ಅಲ್ಲಿ ಜೆರಾಕ್ಸ್ ಮೆಷಿನ್ ಇಡಬೇಕಂತೆ.

"ಭಾವನೇ ಹೌದು ಅಂದ್ರಲ್ಲ ಅಕ್ಕ!"

"ತಿಳೀದೆ ಅಂದಿದ್ದು ಲೆಕ್ಕಕ್ಕಿಲ್ಲ ಕಣೋ. ಅವರ ಅಂಗಡಿ, ಅವರೇ ತಿಳಿದು ಹೇಳ್ಬೇಕು," ಎಂದು ಆಕೆ ಕಡ್ಡಿ ಮುರಿದಂತೆ ಹೇಳುತ್ತಿದ್ದಳು.

ಪಾರ್ಶ್ವವಾಯುವಿನಿಂದ ಮೆದುಳಿನ ಯಾವ ಭಾಗಕ್ಕೆ ಎಷ್ಟು ಪೆಟ್ಟಾಗುತ್ತದೆಂದು ಎಂ.ಆರ್.ಐ. ತೆಗೆದು ಅಧ್ಯಯನ ಮಾಡುತ್ತಿದ್ದ ಡಾಕ್ಟರಮ್ಮ, "ನೀವೂ ಬರ್ತೀರಾ?" ಎಂದು ಕೇಳಿದ್ದರು. ಆರು ತಿಂಗಳಲ್ಲಿ ಗಡಿಯಾರದವರು ಮನಸಾರೆ ಆಡಿದ ಹೌದು ಅದೊಂದೇ. ತಲೆ ನೆಟ್ಟಗಿದೆಯೆಂದು ಯಂತ್ರವಾದರೂ ಸಾಕ್ಷಿ ಹೇಳಲಿ ಎಂಬುದು ಅವರ ಹಂಬಲ.

ಇಂದು ಬೆಳಿಗ್ಗೆ ಗಂಡ ಹೆಂಡತಿಯನ್ನು ಆಸ್ಪತ್ರೆಗೆ ಕಾರಿನಲ್ಲಿ ಕರೆತಂದವನೂ ಆ ಭಾವಮೈದುನನೇ. ಟೆಕ್ನಿಷಿಯನ್ ಹುಡುಗಿ ಪ್ರಶ್ನೆಗಳ ಪಟ್ಟಿ ಹಿಡಿದು ಕೂತಳು.

"ಎದೇಲಿ ಪೇಸ್‌ಮೇಕರ್ ಇದೆಯಾ?"

"ಹೌದು."

"ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿತ್ತಾ?"

"ಹೌದು."

ಗಂಡಸಿಗೂ ಹೆಂಗಸಿಗೂ ಅದೇ ಪಟ್ಟಿ. ಓದುವ ಭರದಲ್ಲಿ ಆಕೆ, "ಗರ್ಭಿಣಿಯಾ?" ಎಂದೂ ಕೇಳಿಬಿಟ್ಟಳು.

"ಹೌದು."

"ಶುಭ ಸಮಾಚಾರ ಭಾವ!" ಎಂದು ಭಾವಮೈದುನ ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಲಿನಲ್ಲಿ ಕೂತಿದ್ದವರೂ ನಕ್ಕರು. ಗಡಿಯಾರದವರು ನೆಲ ನೋಡುತ್ತ ಕೂತರು. ಅವಮಾನಕ್ಕೆ ಕಿವಿ ಕೆಂಪಾಗಿತ್ತು.

"ಯಾವುದೂ ಇಲ್ಲಮ್ಮ, ನನ್ನ ಕೇಳಿ," ಎಂದು ಹೆಂಡತಿ ಅಂಗಲಾಚಿದರೂ ಯಂತ್ರವೆಂದರೆ ದೊಡ್ಡ ಅಯಸ್ಕಾಂತ, ಮೈಯೊಳಗೆ ಲೋಹವಿದ್ದರೆ ಅಪಾಯವೆಂದು ಟೆಕ್ನಿಷಿಯನ್ ಒಪ್ಪಲಿಲ್ಲ. ಎದೆಗೊಂದು, ಕಣ್ಣಿಗೊಂದು ಎಕ್ಸ್‌ರೇ ತೆಗೆಸಿ, ಏನೂ ಇಲ್ಲವೆಂದು ಖಾತ್ರಿಯಾಗುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಗಡಿಯಾರ ಕೆಡುತ್ತದೆಂದು ನಲವತ್ತು ವರ್ಷ ಅಯಸ್ಕಾಂತವನ್ನು ಅಂಗಡಿಯ ಹೊಸ್ತಿಲು ದಾಟಗೊಡದ ಮನುಷ್ಯ ಕೊನೆಗೆ ಅಯಸ್ಕಾಂತದ ಹೊಟ್ಟೆಯೊಳಗೇ ಹೋಗಿ ಮಲಗಿದರು. ಆ ಗಡಗಡ ಸದ್ದಿನ ನಡುವೆ, ಮಾತು ಅರ್ಥವಾಗುತ್ತದೆಯೇ ಎಂದು ನೋಡಲು ಕಿವಿಗೆ ಹಾಕಿದ್ದ ಹೆಡ್‌ಫೋನಿನಲ್ಲಿ ವಾಕ್ಯಗಳು ಕೇಳಿಸುತ್ತಿದ್ದವು. ಒಂದೊಂದನ್ನೂ ಪರೀಕ್ಷೆಗೆ ಕೂತ ಹುಡುಗನಂತೆ ಮನಸ್ಸಿಟ್ಟು ಕೇಳಿದರು.

ಸಂಜೆ ಡಾಕ್ಟರಮ್ಮ ಪರದೆ ತೋರಿಸಿದರು. "ಮಾತು ಹೊರಡಿಸೋ ಜಾಗಕ್ಕೆ ಪೆಟ್ಟಾಗಿದೆ. ಅರ್ಥ ಮಾಡ್ಕೊಳ್ಳೋ ಜಾಗ ನೋಡಿ, ಚೆನ್ನಾಗಿದೆ. ನೀವಾಡೋ ಮಾತೆಲ್ಲ ಇವರಿಗೆ ತಿಳಿಯುತ್ತೆ."

ಹೆಂಡತಿ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. "ತಪ್ಪಾಯ್ತು ರೀ. ಮಗು ಥರ ನಡೆಸ್ಕೊಂಡ್‌ಬಿಟ್ಟೆ." ಅವರಿಗೂ ಕಣ್ಣು ತುಂಬಿತು. ಅಂತೂ ಮತ್ತೆ ಮನುಷ್ಯನಾದೆ ಅನಿಸಿತು.

ಹೊರಗೆ ಬರುತ್ತಲೇ ಭಾವಮೈದುನ ಶುರುಮಾಡಿದ. "ಹಾಗಾದ್ರೆ ಇನ್ನೇನಕ್ಕ ಅಡ್ಡಿ? ಭಾವನಿಗೆ ಎಲ್ಲಾ ತಿಳಿಯುತ್ತಲ್ಲ!"

ಹೆಂಡತಿ ಗಂಡನ ಎರಡೂ ಕೈ ಹಿಡಿದುಕೊಂಡಳು. "ಇನ್ಮೇಲೆ ನಿಮ್ಮ ಪರವಾಗಿ ನಾನು ಮಾತಾಡಲ್ಲ. ನೀವೇ ಹೇಳಿ. ಅಂಗಡೀನ ಇವನಿಗೆ ಕೊಟ್ಬಿಡೋದಾ?"

ಗಡಿಯಾರದವರು ಕಣ್ಣು ಮುಚ್ಚಿದರು. ಇದ್ದಬದ್ದ ಶಕ್ತಿಯನ್ನೆಲ್ಲ ನಾಲಿಗೆಗೆ ತಂದುಕೊಂಡರು. ಹಣೆಯ ಮೇಲೆ ಬೆವರು ಮೂಡಿತು.

"ಹೌದು," ಎಂದರು.

"ತಿಳಿದೇ ಹೇಳಿದ್ರು," ಎಂದು ಹೆಂಡತಿ ಕಣ್ಣೊರೆಸಿಕೊಂಡು, ಅಂಗಡಿಯ ಬೀಗದಕೈ ತೆಗೆದು ತಮ್ಮನ ಕೈಗಿಟ್ಟಳು.