ಓರ್ಕಾದ ಕುಟುಂಬ

ಮಗಳು ಜೆಸ್ಮಿಯ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ರೋಬಿನ್ ಎರಡು ದಿನ ರಬ್ಬರ್ ತೋಟದ ಕಡೆ ತಲೆಹಾಕದೆ ಒಂದು ಚಾರ್ಟ್ ಮಾಡಿದ್ದ. ಡಾಲ್ಫಿನ್‌ಗಳ ವಂಶವೃಕ್ಷ. ಅದರ ಒಂದು ಕೊಂಬೆಯಲ್ಲಿ ಕಪ್ಪು ಬಿಳುಪಿನ ಓರ್ಕಾ. ತೊಂದರೆ ಆ ಕೊಂಬೆಯಿಂದಲೇ ಶುರುವಾಯಿತು.

ಬೆಳಿಗ್ಗೆ ಗೇಟಿನ ಹತ್ತಿರ ಮೀನಿನ ಶುಕೂರ್ ಸ್ಕೂಟರ್ ನಿಲ್ಲಿಸಿ ಚಾರ್ಟಿಗೆ ಇಣುಕಿದ. "ಇದು ಕಿಲ್ಲರ್ ವೇಲ್ ಅಲ್ವಾ? ತಿಮಿಂಗಿಲವನ್ನು ಡಾಲ್ಫಿನ್ ಸಾಲಲ್ಲಿ ಎಂತಕ್ಕೆ ಕೂರಿಸಿದ್ದು ಮಾರಾಯ್ರೆ?"

"ಹೆಸರು ಮಾತ್ರ ವೇಲ್. ಕುಟುಂಬ ಡಾಲ್ಫಿನ್‌ದು."

"ಇಪ್ಪತ್ತು ವರ್ಷದಿಂದ ಮೀನು ಮಾರುದು ನಾನು. ನನಗೆ ಹೇಳ್ತೀರಾ?"

"ಶುಕೂರ್, ಇದು ಮೀನೇ ಅಲ್ಲ!"

"ನೋಡಿ, ಈಗ ಮೀನೂ ಅಲ್ಲ ಅಂತೀರಿ. ಮೊದಲು ನೀವೇ ಒಂದು ತೀರ್ಮಾನಕ್ಕೆ ಬನ್ನಿ," ಎಂದು ಶುಕೂರ್ ಹಾರ್ನ್ ಒತ್ತಿ ಹೋದ.

ಕಡಬದ ಶಾಲೆಯಲ್ಲಿ ಪಂಕಜಾಕ್ಷಿ ಟೀಚರ್ ಕನ್ನಡಕ ಏರಿಸಿದರು. "ಇದರಲ್ಲಿ ತಪ್ಪುಂಟು. ಕಿಲ್ಲರ್ ವೇಲ್ ಅಂತ ಹೆಸರಲ್ಲೇ ವೇಲ್ ಉಂಟಲ್ಲ?"

"ಟೀಚರ್, ನಾವು ಚಾಯಕ್ಕೆ ತಿನ್ನುವ ಗೋಳಿಬಜೆಯಲ್ಲಿ ಗೋಳಿ ಉಂಟಾ?"

"ಗೋಳಿಬಜೆ ಪಾಠದಲ್ಲಿ ಇಲ್ಲ," ಎಂದ ಟೀಚರ್ 'ತಿಮಿಂಗಿಲ' ಎಂದು ಬರೆದ ಚೀಟಿಯನ್ನು ಗೋಂದು ಹಚ್ಚಿ ಓರ್ಕಾದ ಮುಖಕ್ಕೇ ಅಂಟಿಸಿಬಿಟ್ಟರು. ಅವರು ಅತ್ತ ತಿರುಗುತ್ತಲೇ ರೋಬಿನ್ ಚೀಟಿ ಎಳೆದ. ಜೊತೆಗೆ ಅರ್ಧ ಮೂತಿಯೂ ಕಿತ್ತುಬಂತು. ಓರ್ಕಾ ಈಗ ಹಲ್ಲು ಕೀಳಿಸಿಕೊಂಡು ಬಂದವರ ಹಾಗೆ ಕಾಣುತ್ತಿತ್ತು. ನೋಡಲು ಬಂದ ಪೋಷಕರೆಲ್ಲ "ಇದು ವೇಲ್ ಅಲ್ವಾ?" ಎಂದೇ ಕೇಳಿದರು. ಉತ್ತರ ಹೇಳಿ ಹೇಳಿ ರೋಬಿನ್‌ನ ಗಂಟಲು ಒಣಗಿತು.

ಮಧ್ಯಾಹ್ನ ತೀರ್ಪುಗಾರರಾಗಿ ಪುತ್ತೂರಿನಿಂದ ಪ್ರಾಣಿಶಾಸ್ತ್ರದ ಮೇಷ್ಟ್ರು ಶ್ರೀಶ ಬಂದರು. ಮೂತಿಯಿಲ್ಲದ ಓರ್ಕಾದ ಮುಂದೆ ಬಹಳ ಹೊತ್ತು ನಿಂತರು.

"ತುಂಬಾ ಸರಿ! ಓರ್ಕಾ ಡಾಲ್ಫಿನ್ ಕುಟುಂಬದ್ದೇ, ಅದರಲ್ಲೇ ಅತಿ ದೊಡ್ಡದು. ಹಾಗೆ ನೋಡಿದ್ರೆ ಡಾಲ್ಫಿನ್‌ಗಳೆಲ್ಲ ಹಲ್ಲಿರುವ ತಿಮಿಂಗಿಲಗಳ ಬಳಗದವೇ. ಅದನ್ನೂ ಇಲ್ಲಿ ಸರಿಯಾಗಿ ತೋರಿಸಿದ್ದಾರೆ. ಇಷ್ಟು ಚಂದ ಮಾಡಿದ್ದು ಯಾರು?"

ಬೆಳಿಗ್ಗೆಯಿಂದ ಒಂದೇ ಒಂದು ಒಳ್ಳೆಯ ಮಾತಿಗೆ ಕಾದಿದ್ದ ರೋಬಿನ್‌ನ ಎದೆ ಉಬ್ಬಿತು. ಜೆಸ್ಮಿ ಬಾಯಿ ತೆರೆಯುವ ಮೊದಲೇ ಅವನು ಮುಂದೆ ನುಗ್ಗಿದ.

"ನಾನೇ ಸರ್! ಒಂದೊಂದು ಗೆರೆಯೂ ನಾನೇ ಎಳೆದದ್ದು!"

ಶ್ರೀಶ ಪೆನ್ನಿನ ಮುಚ್ಚಳ ಹಾಕಿದರು.

"ಒಳ್ಳೆಯದು. ಆದ್ರೆ ಸ್ಪರ್ಧೆ ಮಕ್ಕಳಿಗಲ್ವಾ?"

ಮೊದಲ ಬಹುಮಾನ ಪಕ್ಕದ ಮೇಜಿನ ಅಡುಗೆ ಸೋಡಾದ ಜ್ವಾಲಾಮುಖಿಗೆ ಹೋಯಿತು. ಚಾರ್ಟ್ ಸುತ್ತಿಕೊಂಡು ಹೊರಟ ರೋಬಿನ್‌ನ ಹಿಂದೆ ಜೆಸ್ಮಿ ಕಾಲೆಳೆಯುತ್ತ ಬಂದಳು.

"ಪಪ್ಪಾ, ನನಗೆ ಜ್ವಾಲಾಮುಖಿಯೇ ಮಾಡ್ಲಿಕ್ಕಿತ್ತು. ನೀವೇ ಬಿಡ್ಲಿಲ್ಲ."